ದೀಪ ಹಸಿರೇ ಇದೆ, ಲಿಂಕ್ ಹೋಗಿದೆ: ರೌಟರಿಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ನಾನು ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಪ್ರಧಾನ ಕಚೇರಿ ಇಲ್ಲಿದೆ, ದೊಡ್ಡ ಶಾಖೆ ಕುಮಟಾದಲ್ಲಿದೆ. ಎರಡರ ನಡುವೆ 20 ಎಂಬಿಪಿಎಸ್ ಫೈಬರ್ ಲೀಸ್ಡ್ ಲೈನ್ (ನಮಗೆಂದೇ ಬಾಡಿಗೆಗೆ ಪಡೆದ ಲೈನ್) ಇದೆ. ಅದು ಹೋದರೆ ಇರಲಿ ಎಂದು ಬೇರೆ ಕಂಪನಿಯ ಬ್ರಾಡ್‌ಬ್ಯಾಂಡ್ ಮೇಲೆ ವಿಪಿಎನ್ ಟನಲ್ (ಇಂಟರ್‌ನೆಟ್ ಮೂಲಕ ಹೋಗುವ ಖಾಸಗಿ ದಾರಿ) ಮಾಡಿಕೊಂಡಿದ್ದೇವೆ. ಎರಡೂ ಕಡೆ ರೌಟರ್ ನಮ್ಮದೇ, ಯಾವ ದಾರಿ ಹಿಡಿಯಬೇಕೆಂದು ಆರಿಸುವ ಒಎಸ್‌ಪಿಎಫ್ ಓಡುತ್ತಿದೆ. ದೇವಿಮನೆ ಘಟ್ಟದಲ್ಲಿ ಕೇಬಲ್ ತುಂಡಾದರೂ ರೌಟರಿನ ದೀಪ ಹಸಿರೇ ಇರುತ್ತದೆ. ಕುಮಟಾದಿಂದ ಫೋನ್ ಬರುತ್ತದೆ: "ಲೈಟೆಲ್ಲ ಹತ್ತಿದ್ದು, ಆದ್ರೆ ಎಂತೂ ಬತ್ತಾ ಇಲ್ಲೆ." 40 ಸೆಕೆಂಡಿನಲ್ಲಿ ಟನಲ್‌ಗೆ ಬದಲಾಗಬೇಕು, ಆದರೆ ಕೌಂಟರಿನಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಕಳೆದ ಮಳೆಗಾಲದಲ್ಲಿ ಒಎಸ್‌ಪಿಎಫ್ ನೆರೆಯ ರೌಟರನ್ನು ಕೂಗುವ ಅಂತರ (ಹೆಲೋ) 1 ಸೆಕೆಂಡ್, ಏನೂ ಕೇಳಿಸದಿದ್ದರೆ ಕಾಯುವ ಸಮಯ (ಡೆಡ್) 4 ಸೆಕೆಂಡ್ ಮಾಡಿ ನೋಡಿದೆವು. ಜೋರು ಮಳೆಯ ದಿನ ಲಿಂಕ್ ಹೋಗಿ ಬಂದು, ಹೋಗಿ ಬಂದು, ಮೊದಲಿಗಿಂತ ಕಷ್ಟವಾಯಿತು. ಆ ದಿನಗಳಲ್ಲಿ ಪಿಂಗ್ (ಉತ್ತರ ಕೇಳುವ ಪರೀಕ್ಷಾ ಪ್ಯಾಕೆಟ್) ಹಾಕಿದರೆ ನೂರಕ್ಕೆ ನಾಲ್ಕೈದು ಪ್ಯಾಕೆಟ್ ಕಳೆದುಹೋಗುತ್ತಿದ್ದವು. ಈಗ ರೌಟರ್ ಕೊಟ್ಟವರು "ಬಿಎಫ್‌ಡಿ ಹಾಕಿ, 50 ಮಿಲಿಸೆಕೆಂಡ್, ಮೂರು ಪಟ್ಟು, ಎಲ್ಲ ಸರಿಯಾಗುತ್ತದೆ" ಎನ್ನುತ್ತಿದ್ದಾರೆ. ಹಾಕಬಹುದೇ? ಕೌಂಟರಿನಲ್ಲಿ ಜನ ನಿಂತಿರುವಾಗ ಪ್ರಯೋಗ ಮಾಡಲು ಹೆದರಿಕೆ.

ಉತ್ತರ: ಲಿಂಕ್ ಹೋದದ್ದನ್ನು ಬೇಗ ಪತ್ತೆ ಮಾಡುವ ಬಿಎಫ್‌ಡಿ ಹಾಕಿ, ಆದರೆ ಆ ಸಂಖ್ಯೆಗಳಿಂದಲ್ಲ. ನಿಮ್ಮ ಲೈನಿನಲ್ಲಿ 50 ಮಿಲಿಸೆಕೆಂಡ್, ಮೂರು ಪಟ್ಟು (50 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಸಾಲಾಗಿ ಮೂರು ಬಾರದಿದ್ದರೆ ಲಿಂಕ್ ಹೋಯಿತೆಂದು ಲೆಕ್ಕ) ಹಾಕಿದರೆ ಕಳೆದ ವರ್ಷದ ತೊಂದರೆಯೇ ಇನ್ನೂ ಜೋರಾಗಿ ಮರುಕಳಿಸುತ್ತದೆ. ಯಾಕೆಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅದಕ್ಕೆ ಮುಂಚೆ ಆ ಹಸಿರು ದೀಪದ ವಿಷಯ ಇತ್ಯರ್ಥವಾಗಲಿ.

ರೌಟರಿನ ಪೋರ್ಟಿನ ದೀಪ ಹೇಳುವುದು ಒಂದೇ ಮಾತು: ಈ ತಂತಿಯ ಇನ್ನೊಂದು ತುದಿಯಲ್ಲಿರುವ ಡಬ್ಬಿ ಬದುಕಿದೆ. ನಿಮ್ಮ ರೌಟರಿಗೆ ಆ ಡಬ್ಬಿ ಎಂದರೆ ಪಕ್ಕದಲ್ಲಿರುವ, ಫೈಬರಿನ ಬೆಳಕನ್ನು ತಾಮ್ರದ ತಂತಿಗೆ ಬದಲಿಸಿಕೊಡುವ ಮೀಡಿಯಾ ಕನ್ವರ್ಟರ್ ಅಥವಾ ಒಎನ್‌ಯು. ಕುಮಟಾದ ರೌಟರ್ ಅಲ್ಲ. ಕನ್ವರ್ಟರಿಗೆ ಕರೆಂಟ್ ಇರುವವರೆಗೆ ಅದರ ತಾಮ್ರದ ಕಡೆಯ ಪೋರ್ಟ್ ಜೀವಂತವಾಗಿರುತ್ತದೆ, ಫೈಬರ್ ಕಡೆ ಏನೇ ಆಗಿರಲಿ. ಒಎನ್‌ಯು ಇದ್ದರೆ ಅದರ ಮೈಮೇಲೆ ಎಲ್‌ಒಎಸ್ (ಬೆಳಕು ಬರುತ್ತಿಲ್ಲ ಎನ್ನುವ) ದೀಪ ಕೆಂಪಗೆ ಮಿನುಗುತ್ತಿರುತ್ತದೆ, ರೌಟರಿನ ದೀಪ ಮಾತ್ರ ಹಸಿರು. ಮುಂದಿನ ಸಲ ಫೋನ್ ಬಂದಾಗ ರೌಟರಿನ ದೀಪವನ್ನಲ್ಲ, ಆ ಚಿಕ್ಕ ಡಬ್ಬಿಯ ದೀಪವನ್ನು ನೋಡಿ ಹೇಳಲು ತಿಳಿಸಿ.

ಕನ್ವರ್ಟರಿನ ಬದಿಯಲ್ಲೋ ಹಿಂದೆಯೋ ಚಿಕ್ಕ ಡಿಪ್ ಸ್ವಿಚ್‌ಗಳ ಸಾಲು ಇರಬಹುದು. ಎಲ್‌ಎಫ್‌ಪಿ, ಎಲ್‌ಎಲ್‌ಎಫ್ ಅಥವಾ ಎಲ್‌ಎಲ್‌ಸಿಎಫ್ ಎಂದು ಬರೆದದ್ದನ್ನು ಆನ್ ಮಾಡಿದರೆ ಫೈಬರಿನಲ್ಲಿ ಬೆಳಕು ನಿಂತ ಕೂಡಲೇ ತಾಮ್ರದ ಪೋರ್ಟನ್ನೂ ಅದು ಕೆಳಗಿಳಿಸುತ್ತದೆ. ಎಷ್ಟೋ ಕನ್ವರ್ಟರುಗಳು ಈ ಸ್ವಿಚ್ಚನ್ನು ಆನ್ ಆಗುವಾಗ ಮಾತ್ರ ಓದುತ್ತವೆ. ಆದ್ದರಿಂದ ಬದಲಾಯಿಸಿದ ಮೇಲೆ ಅಡಾಪ್ಟರ್ ತೆಗೆದು ಹಾಕಿ. ಇದಕ್ಕೆ ಖರ್ಚಿಲ್ಲ, ಇಂದೇ ಮಾಡಿ. ಆದರೆ ಇದರಿಂದ ದೇವಿಮನೆಯ ಕಟ್ ಗೊತ್ತಾಗುವುದಿಲ್ಲ. ನಿಮ್ಮ ಕನ್ವರ್ಟರಿನ ಫೈಬರ್ ನೇರ ಕುಮಟಾಕ್ಕೆ ಹೋಗಿರುವುದಿಲ್ಲ. ಶಿರಸಿ ಪೇಟೆಯಲ್ಲೇ ಎಲ್ಲೋ ಇರುವ ಕಂಪನಿಯ ಸ್ವಿಚ್ಚಿಗೆ ಹೋಗಿರುತ್ತದೆ. ಘಟ್ಟದಲ್ಲಿ ಕೇಬಲ್ ಹರಿದರೂ ಆ ಸ್ವಿಚ್ ನಿಮ್ಮ ಕಡೆಗೆ ಬೆಳಕು ಬಿಡುತ್ತಲೇ ಇರುತ್ತದೆ. ಕಚೇರಿಯಿಂದ ಪೇಟೆಯವರೆಗಿನ ತುಂಡಿಗೆ ಮಾತ್ರ ಎಲ್‌ಎಫ್‌ಪಿ ಕಾವಲು.

ಅದರಾಚೆಗಿನದಕ್ಕೆ ಒಂದೇ ದಾರಿ. ಎರಡು ರೌಟರುಗಳು ಒಂದನ್ನೊಂದು ಪದೇ ಪದೇ ಕೂಗಿ ಮಾತಾಡಿಸಬೇಕು, ಉತ್ತರ ನಿಂತರೆ ದಾರಿ ಕಡಿದಿದೆ ಎಂದು ತಿಳಿಯಬೇಕು. ಒಎಸ್‌ಪಿಎಫ್‌ನ ಹೆಲೋ ಮಾಡುವುದು ಇದನ್ನೇ. 10 ಸೆಕೆಂಡಿಗೊಂದು ಹೆಲೋ, 40 ಸೆಕೆಂಡ್ ಏನೂ ಕೇಳಿಸದಿದ್ದರೆ ನೆರೆಯವನು ಹೋದ ಎಂದು ಲೆಕ್ಕ. ಕೊನೆಯ ಹೆಲೋ ಬಂದ ಗಳಿಗೆಯಿಂದ ಎಣಿಕೆ ಶುರುವಾಗುವುದರಿಂದ, ಕೇಬಲ್ ಕಡಿದ ಮೇಲೆ 30ರಿಂದ 40 ಸೆಕೆಂಡ್ ಹಿಡಿಯುತ್ತದೆ. ದಾರಿ ಆರಿಸುವ ಇನ್ನೊಂದು ವಿಧಾನವಾದ ಬಿಜಿಪಿ ಇನ್ನೂ ನಿಧಾನ: ಸಿಸ್ಕೊ ರೌಟರಿನಲ್ಲಿ ಮೊದಲಿನಿಂದ ಇರುವ ಹೋಲ್ಡ್ (ಕಾಯುವ) ಸಮಯ 180 ಸೆಕೆಂಡ್.

ಹಾಗಾದರೆ 40 ಸೆಕೆಂಡಿನ ಕಡಿತ ಕೌಂಟರಿನಲ್ಲಿ ನಿಮಿಷ ದಾಟುವುದೇಕೆ? ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ. ಕೌಂಟರಿನ ತಂತ್ರಾಂಶ ಟಿಸಿಪಿ ಮೂಲಕ ಮಾತಾಡುತ್ತದೆ. ಕಳಿಸಿದ್ದಕ್ಕೆ ಉತ್ತರ ಬಾರದಿದ್ದರೆ ಟಿಸಿಪಿ ಮತ್ತೆ ಕಳಿಸುತ್ತದೆ, ಪ್ರತಿ ಸಲ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುತ್ತ ಹೋಗುತ್ತದೆ. 1 ಸೆಕೆಂಡಿನಿಂದ ಶುರುವಾದರೆ 1, 3, 7, 15, 31ನೇ ಸೆಕೆಂಡಿಗೆ ಪ್ರಯತ್ನ ನಡೆಯುತ್ತದೆ, ಅದರ ನಂತರದ್ದು 63ನೇ ಸೆಕೆಂಡಿಗೆ. ನಿಮ್ಮ ರೌಟರ್ 40ನೇ ಸೆಕೆಂಡಿಗೆ ಟನಲ್‌ಗೆ ಬದಲಾಯಿಸಿಬಿಟ್ಟಿದೆ, ದಾರಿ ಸರಿಯಾಗಿದೆ. ಆದರೆ 31ನೇ ಸೆಕೆಂಡಿನ ಪ್ರಯತ್ನ ಸೋತಿತ್ತು, ಮುಂದಿನದು 63ಕ್ಕೇ. ಅಷ್ಟು ಹೊತ್ತು ಪರದೆ ನಿಂತಲ್ಲೇ ನಿಂತಿರುತ್ತದೆ. ಶಾಖೆಯವರು ಹೇಳಿದ್ದು ಸುಳ್ಳಲ್ಲ, ನಿಮ್ಮ ಲೆಕ್ಕವೂ ತಪ್ಪಲ್ಲ.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಕಡಿತ ಒಂದೂವರೆ ಸೆಕೆಂಡಿನಲ್ಲಿ ಪತ್ತೆಯಾದರೆ 3ನೇ ಸೆಕೆಂಡಿನ ಪ್ರಯತ್ನ ಗೆಲ್ಲುತ್ತದೆ. 150 ಮಿಲಿಸೆಕೆಂಡಿನಲ್ಲಿ ಪತ್ತೆಯಾದರೆ 1ನೇ ಸೆಕೆಂಡಿನದು ಗೆಲ್ಲುತ್ತದೆ. ಪಾಸ್‌ಬುಕ್ ಹಿಡಿದು ನಿಂತ ಸದಸ್ಯರಿಗೆ ಈ ಎರಡು ಸೆಕೆಂಡಿನ ವ್ಯತ್ಯಾಸ ಗೊತ್ತಾಗುವುದಿಲ್ಲ. 63ರಿಂದ 3ಕ್ಕೆ ಇಳಿದದ್ದು ಮಾತ್ರ ಖಂಡಿತ ಗೊತ್ತಾಗುತ್ತದೆ. 50 ಮಿಲಿಸೆಕೆಂಡಿನ ಹಿಂದೆ ಓಡುವ ಅಗತ್ಯ ನಿಮಗಿಲ್ಲ.

ಈಗ ಬಿಎಫ್‌ಡಿ. ಪೂರ್ತಿ ಹೆಸರು ಬೈಡೈರೆಕ್ಷನಲ್ ಫಾರ್ವರ್ಡಿಂಗ್ ಡಿಟೆಕ್ಷನ್, 2010ರಲ್ಲಿ ಆರ್‌ಎಫ್‌ಸಿ 5880 ಎಂಬ ಇಂಟರ್‌ನೆಟ್ ಮಾನದಂಡವಾಗಿ ಬಂತು. ಅದು ದಾರಿ ಹುಡುಕುವುದಿಲ್ಲ, ಲೈನ್ ರಿಪೇರಿ ಮಾಡುವುದಿಲ್ಲ, ಒಎಸ್‌ಪಿಎಫ್‌ನ ಜಾಗದಲ್ಲೂ ಕೂರುವುದಿಲ್ಲ. 24 ಬೈಟಿನ ಪುಟ್ಟ ಪ್ಯಾಕೆಟ್ಟನ್ನು ಯುಡಿಪಿ 3784ನೇ ಪೋರ್ಟಿಗೆ (ಇದು ತಂತಿ ಸಿಕ್ಕಿಸುವ ಪೋರ್ಟ್ ಅಲ್ಲ, ಪ್ಯಾಕೆಟ್ಟಿನ ಮೇಲಿನ ಒಂದು ಸಂಖ್ಯೆ) ಎರಡೂ ಕಡೆಯಿಂದ ಕಳಿಸುತ್ತ ಇರುವುದು, ಬರುವುದು ನಿಂತರೆ ಒಎಸ್‌ಪಿಎಫ್‌ಗೆ "ನೆರೆಯವನು ಸಿಗುತ್ತಿಲ್ಲ" ಎಂದು ತಿಳಿಸುವುದು, ಇಷ್ಟೇ ಅದರ ಕೆಲಸ. 300 ಮಿಲಿಸೆಕೆಂಡಿಗೊಂದರಂತೆ ಕಳಿಸಿದರೂ ಲೈನಿನ ಮೇಲೆ ಒಂದು ದಿಕ್ಕಿಗೆ 3 ಕಿಲೋಬಿಟ್ ಸಹ ಆಗದು. ಕಳಿಸುವ ಅಂತರವನ್ನು ಎರಡು ಕಡೆಯವರು ಮಾತಾಡಿಕೊಂಡು ನಿಧಾನದವನಿಗೆ ಹೊಂದಿಸಿಕೊಳ್ಳುತ್ತಾರೆ. ಅಂತರವನ್ನು ಪಟ್ಟಿನಿಂದ ಗುಣಿಸಿದರೆ ಪತ್ತೆಯ ಸಮಯ. ದೂರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ: ಫೈಬರಿನಲ್ಲಿ ಬೆಳಕು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ, 60 ಕಿಲೋಮೀಟರಿಗೆ 0.3 ಮಿಲಿಸೆಕೆಂಡ್. ಪ್ಯಾಕೆಟ್ ತಡವಾಗಿ ಬಂದರೂ ಒಂದೇ ಲಯದಲ್ಲಿ ಬಂದರೆ ಬಿಎಫ್‌ಡಿಗೆ ತೊಂದರೆಯಿಲ್ಲ. ಸಾಲಾಗಿ ಕಳೆದುಹೋದರೆ ತೊಂದರೆ.

ನೂರಕ್ಕೆ 5 ಪ್ಯಾಕೆಟ್ ಕಳೆದುಹೋಗುವ ಮಳೆಯ ದಿನವನ್ನೇ ತೆಗೆದುಕೊಳ್ಳಿ. ಬಿಡಿಬಿಡಿಯಾಗಿ ಕಳೆಯುತ್ತವೆ ಎಂದು ಇಟ್ಟುಕೊಂಡರೆ, ಸಾಲಾಗಿ ಮೂರು ಹೋಗುವ ಸಂಭವ 8,000ಕ್ಕೆ ಒಂದು. ಬಿಎಫ್‌ಡಿ ಬೇಕೆಂದೇ ಪ್ರತಿ ಅಂತರವನ್ನು ಶೇ 25ರವರೆಗೆ ಕಡಿಮೆ ಮಾಡಿ ಕಳಿಸುತ್ತದೆ, ಹಾಗಾಗಿ 50 ಎಂದರೆ ಸರಾಸರಿ 44 ಮಿಲಿಸೆಕೆಂಡ್. ಈ ವೇಗದಲ್ಲಿ, ಕೇಬಲ್ ಎಲ್ಲೂ ಕಡಿಯದೆಯೇ, ಸರಾಸರಿ 6 ನಿಮಿಷಕ್ಕೊಮ್ಮೆ ಲಿಂಕ್ ಹೋಯಿತು ಎಂಬ ಸುಳ್ಳು ಸುದ್ದಿ ಹುಟ್ಟುತ್ತದೆ. 300 ಮಿಲಿಸೆಕೆಂಡ್, ಮೂರು ಪಟ್ಟು ಮಾಡಿದರೆ ಸುಮಾರು 37 ನಿಮಿಷಕ್ಕೊಮ್ಮೆ. 300 ಮಿಲಿಸೆಕೆಂಡ್, ಐದು ಪಟ್ಟು ಮಾಡಿದರೆ ಸುಮಾರು 10 ದಿನಕ್ಕೊಮ್ಮೆ. ಇದು ಒಂದು ದಿಕ್ಕಿನ ಲೆಕ್ಕ. ಎರಡೂ ದಿಕ್ಕಿನಲ್ಲಿ ಕಳೆಯುತ್ತಿದ್ದರೆ ಅರ್ಧ ಮಾಡಿಕೊಳ್ಳಿ. ನಿಜವಾದ ಲೈನಿನಲ್ಲಿ ಪ್ಯಾಕೆಟ್ಟುಗಳು ಗುಂಪುಗುಂಪಾಗಿಯೂ ಕಳೆಯುತ್ತವೆ, ಆಗ ಇದಕ್ಕಿಂತ ಕೆಟ್ಟದಾಗಿರುತ್ತದೆ. ಪಟ್ಟು ಮೂರರಿಂದ ಐದಕ್ಕೆ ಏರಿದ್ದಕ್ಕೆ ತೆತ್ತ ಬೆಲೆ ಬರೀ 600 ಮಿಲಿಸೆಕೆಂಡ್. ಹಾಗಾಗಿ ನಿಮಗೆ ನನ್ನ ಸಲಹೆ 300 ಮಿಲಿಸೆಕೆಂಡ್, ಐದು ಪಟ್ಟು, ಒಂದೂವರೆ ಸೆಕೆಂಡಿನಲ್ಲಿ ಪತ್ತೆ. ಟನಲ್ ಮೇಲೆ 1 ಸೆಕೆಂಡ್, ಐದು ಪಟ್ಟು ಸಾಕು.

ಇಷ್ಟು ನಿಧಾನವಾಗಿ ಇಡಲು ಇನ್ನೊಂದು ಕಾರಣವಿದೆ. ಲೀಸ್ಡ್ ಲೈನ್ ಕೊಟ್ಟ ಕಂಪನಿಯ ಒಳಗೆ ಫೈಬರ್ ರಿಂಗ್ ಇದ್ದರೆ, ಒಂದು ಕಡೆ ಕಡಿದಾಗ ಅವರ ಉಪಕರಣ ತಾನೇ ಇನ್ನೊಂದು ಕಡೆಯಿಂದ ದಾರಿ ಮಾಡುತ್ತದೆ. ರಿಂಗ್ ರಕ್ಷಣೆಯ ಗುರಿ ಸಾಮಾನ್ಯವಾಗಿ 50 ಮಿಲಿಸೆಕೆಂಡ್, ಸ್ವಿಚ್ಚುಗಳೆಲ್ಲ ಹೊಸ ದಾರಿ ಕಲಿಯುವಷ್ಟರಲ್ಲಿ ಇನ್ನೂ ತುಸು ಹೆಚ್ಚು. ಕೆಳಗಿನ ಪದರ ತಾನೇ ಸರಿಮಾಡಿಕೊಳ್ಳುತ್ತಿರುವಾಗ ಮೇಲಿನ ಪದರ ಅವಸರಪಟ್ಟು ಟನಲ್‌ಗೆ ಓಡಿದರೆ, ಸುಮ್ಮನೆ ಎರಡು ಸಲ ದಾರಿ ಬದಲಾಗುತ್ತದೆ.

ಬಿಎಫ್‌ಡಿ ಹಾಕಿದ ಮೇಲೆ ಒಎಸ್‌ಪಿಎಫ್ ಹೆಲೋ, ಡೆಡ್ ಇನ್ನೂ 1 ಮತ್ತು 4ರಲ್ಲಿದ್ದರೆ 10 ಮತ್ತು 40ಕ್ಕೆ ಮರಳಿಸಿ. ಎರಡೂ ತುದಿಯಲ್ಲಿ ಒಂದೇ ಇರಬೇಕು, ಇಲ್ಲದಿದ್ದರೆ ನೆರೆತನವೇ ಕೂಡುವುದಿಲ್ಲ. ಕುಮಟಾದ ರೌಟರನ್ನು ಮೊದಲು ಬದಲಾಯಿಸಿ, ಆಮೇಲೆ ಶಿರಸಿಯದನ್ನು ಬದಲಾಯಿಸಿ. ಶಿರಸಿಯದನ್ನು ಮೊದಲು ಮುಟ್ಟಿ, ಟನಲ್ಲೂ ಕೈಕೊಟ್ಟರೆ ಕುಮಟಾದ ರೌಟರಿಗಾಗಿ ಘಟ್ಟ ಇಳಿಯಬೇಕಾಗುತ್ತದೆ. ಫೈರ್‌ವಾಲ್‌ನಲ್ಲಿ ಆ ಇಂಟರ್‌ಫೇಸಿನಿಂದ ಬರುವ ಯುಡಿಪಿ 3784ಕ್ಕೆ ದಾರಿ ಬಿಡಿ. ಎಲ್ಲ ಸರಿಯಿದ್ದೂ ಬಿಎಫ್‌ಡಿ ಏಳದಿದ್ದರೆ ಲೈನಿನ ನಡುವೆ ಬೇರೊಂದು ರೌಟರ್ ಇದೆಯೇ ನೋಡಿ. ಒಂದೇ ನೆಗೆತದ ಬಿಎಫ್‌ಡಿ ಪ್ಯಾಕೆಟ್ ಟಿಟಿಎಲ್ 255 ಇಟ್ಟುಕೊಂಡು ಹೊರಡುತ್ತದೆ, ತಲುಪುವಾಗಲೂ 255 ಇರಲೇಬೇಕು. ನಡುವೆ ಒಂದು ರೌಟರ್ ದಾಟಿದರೆ 254 ಆಗುತ್ತದೆ, ಆ ಕಡೆಯವನು ಎಸೆದುಬಿಡುತ್ತಾನೆ.

ಇನ್ನು ಮಳೆಯ ದಿನದ ಆ ಶೇ 5. ಇದನ್ನು ಹಾಗೇ ಬಿಟ್ಟು ಬಿಎಫ್‌ಡಿಯನ್ನು ಮಾತ್ರ ಸಡಿಲ ಮಾಡಿ ಕುಳಿತರೆ ಕಾಯಿಲೆ ಉಳಿಯುತ್ತದೆ. ಮಳೆ ಬಿದ್ದ ಮಾತ್ರಕ್ಕೆ ಫೈಬರಿನ ಬೆಳಕು ಕುಗ್ಗುವುದಿಲ್ಲ. ಜಾಯಿಂಟ್ ಬಾಕ್ಸಿಗೆ ನೀರು ಇಳಿದರೆ, ಕಂಬದ ಮೇಲಿನ ಕೇಬಲ್ ಮೇಲೆ ಟೊಂಗೆ ಬಿದ್ದು ಬಾಗಿದರೆ ಕುಗ್ಗುತ್ತದೆ. ನಿಮ್ಮ ಪೋರ್ಟಿನಲ್ಲಿ ಎಸ್‌ಎಫ್‌ಪಿ (ಫೈಬರನ್ನು ನೇರ ಸಿಕ್ಕಿಸುವ ಮಾಡ್ಯೂಲ್) ಇದ್ದರೆ ಬರುವ ಬೆಳಕಿನ ಮಟ್ಟ ಡಿಬಿಎಂನಲ್ಲಿ ಕಾಣುತ್ತದೆ. ಬಿಸಿಲಿನ ದಿನ ಒಮ್ಮೆ, ಜೋರು ಮಳೆಯಲ್ಲಿ ಒಮ್ಮೆ ಬರೆದಿಡಿ. 3 ಡಿಬಿ ಇಳಿದಿದೆ ಎಂದರೆ ಬೆಳಕು ಅರ್ಧವಾಗಿದೆ. ಗಿಗಾಬಿಟ್ ಎಲ್‌ಎಕ್ಸ್ ಎಂಬ ಫೈಬರ್ ಮಾನದಂಡದ ಮಿತಿ −19 ಡಿಬಿಎಂ, ಅದರ ಹತ್ತಿರ ಹೋಗಿದ್ದರೆ ಲೈನಿನವರನ್ನು ಕರೆಸಲು ನಿಮ್ಮ ಕೈಯಲ್ಲಿ ಪುರಾವೆ ಇದ್ದಂತೆ. ಅದರ ಜೊತೆಗೆ ಪೋರ್ಟಿನ ಸಿಆರ್‌ಸಿ ದೋಷದ (ಕೆಟ್ಟು ಬಂದ ಪ್ಯಾಕೆಟ್ಟುಗಳ) ಎಣಿಕೆಯನ್ನೂ ನೋಡಿ. ಎಣಿಕೆ ಏರುತ್ತಿದ್ದರೆ ತೊಂದರೆ ನಿಮ್ಮ ಹತ್ತಿರದ ತುಂಡಿನಲ್ಲೇ ಇದೆ. ಏರದೆ ಪ್ಯಾಕೆಟ್ ಮಾತ್ರ ಕಳೆಯುತ್ತಿದ್ದರೆ ಎರಡು ಸಾಧ್ಯತೆ: ಕಂಪನಿಯ ಸ್ವಿಚ್ಚುಗಳ ನಡುವೆ ಎಲ್ಲೋ ಹಾಳಾಗಿದೆ, ಕೆಟ್ಟ ಫ್ರೇಮುಗಳನ್ನು ಅಲ್ಲೇ ಎಸೆಯಲಾಗುತ್ತಿದೆ, ಇಲ್ಲವೇ ಲೈನ್ ತುಂಬಿ ತುಳುಕುತ್ತಿದೆ.

ತುಂಬಿ ತುಳುಕುವುದು ನೀವು ಅಂದುಕೊಂಡದ್ದಕ್ಕಿಂತ ಸಾಮಾನ್ಯ. ಶಾಖೆಯ ಸಿಸಿಟಿವಿ ಚಿತ್ರ ಪ್ರಧಾನ ಕಚೇರಿಗೆ ಬರುತ್ತಿದ್ದರೆ, ಅದರ ಮೇಲೆ ಬ್ಯಾಕಪ್ಪೂ ಓಡಿದರೆ, 20 ಎಂಬಿಪಿಎಸ್ ಮುಗಿಯಿತು. ಮಿತಿ ಮೀರಿದ ಪ್ಯಾಕೆಟ್ಟನ್ನು ಕಂಪನಿಯ ಉಪಕರಣ ಎಸೆಯುತ್ತದೆ. ಎಸೆಯುವಾಗ ಅದು ಕ್ಯಾಮೆರಾದ ಪ್ಯಾಕೆಟ್ಟೋ ಬಿಎಫ್‌ಡಿಯದೋ ಎಂದು ನೋಡುವುದಿಲ್ಲ. ಪರಿಹಾರ ನಿಮ್ಮ ಕೈಯಲ್ಲೇ ಇದೆ: ಎರಡೂ ರೌಟರಿನಲ್ಲಿ ಹೊರಹೋಗುವ ವೇಗವನ್ನು 19 ಎಂಬಿಪಿಎಸ್‌ಗೆ ಶೇಪ್ ಮಾಡಿ, ಅಂದರೆ ಅಷ್ಟಕ್ಕೇ ಕಟ್ಟಿಹಾಕಿ. ಆಗ ಸರದಿ ನಿಮ್ಮ ರೌಟರಿನೊಳಗೇ ನಿಲ್ಲುತ್ತದೆ, ಯಾರನ್ನು ಮೊದಲು ಬಿಡಬೇಕೆಂದು ನೀವೇ ಹೇಳಬಹುದು. ಬಿಎಫ್‌ಡಿ ಮತ್ತು ಒಎಸ್‌ಪಿಎಫ್‌ಗೆ ಆದ್ಯತೆ ತಿಳಿಸುವ ಡಿಎಸ್‌ಸಿಪಿ 48 ಗುರುತು ಹಾಕಿ ಎಲ್ಲರಿಗಿಂತ ಮುಂದೆ ಬಿಡಿ, ಆಮೇಲೆ ಕೌಂಟರಿನ ತಂತ್ರಾಂಶ, ಕೊನೆಗೆ ಕ್ಯಾಮೆರಾ.

ಸಂಖ್ಯೆಗಳನ್ನು ನನ್ನ ಮಾತಿನ ಮೇಲೆ ಒಪ್ಪಿಕೊಳ್ಳಬೇಕಿಲ್ಲ, ಅಳೆದು ನೋಡಿ. ಲಿನಕ್ಸ್ ಕಂಪ್ಯೂಟರಿನಿಂದ ಕುಮಟಾ ರೌಟರಿನ ಲೀಸ್ಡ್ ಲೈನ್ ವಿಳಾಸಕ್ಕೆ 0.2 ಸೆಕೆಂಡಿಗೊಂದು ಪಿಂಗ್, ಸಮಯ ಸಮೇತ, 24 ಗಂಟೆ ಓಡಿಸಿ. 4,32,000 ಪ್ಯಾಕೆಟ್ ಆಗುತ್ತದೆ. ಒಟ್ಟು ಶೇಕಡಾ ಎಷ್ಟು ಕಳೆಯಿತು ಎಂಬುದಕ್ಕಿಂತ ಸಾಲಾಗಿ ಅತಿ ಹೆಚ್ಚು ಎಷ್ಟು ಕಳೆದವು ಎಂಬುದನ್ನು ಹುಡುಕಿ. ಲಿಂಕ್ ಚೆನ್ನಾಗಿದ್ದ ದಿನವೂ ಸಾಲಾಗಿ ಮೂರು ಕಳೆದಿದ್ದರೆ 600 ಮಿಲಿಸೆಕೆಂಡಿನ ಮೌನ ಅಲ್ಲಿ ಮಾಮೂಲು. ಪತ್ತೆಯ ಸಮಯ ಅದರ ಎರಡು ಪಟ್ಟಿಗಿಂತ ಹೆಚ್ಚಿರಲಿ.

ಹೋದದ್ದು ಗೊತ್ತಾಗುವುದು ಅರ್ಧ ಕೆಲಸ. ಬಂದದ್ದನ್ನು ನಂಬಲು ಅವಸರ ಪಡಬಾರದು. ಘಟ್ಟದಲ್ಲಿ ಕೇಬಲ್ ಜೋಡಿಸುವಾಗ ಲೈನಿನವರು ಒಂದೊಂದೇ ಎಳೆ ಸ್ಪ್ಲೈಸ್ ಮಾಡುತ್ತ, ಟ್ರೇ ಎತ್ತಿ ಇಳಿಸುತ್ತ ಇರುತ್ತಾರೆ. ಆ ಅರ್ಧ ಗಂಟೆಯಲ್ಲಿ ಲಿಂಕ್ ಹತ್ತಾರು ಸಲ ಬಂದು ಹೋಗಬಹುದು. ರೌಟರಿನಲ್ಲಿ ಡ್ಯಾಂಪನಿಂಗ್ ಸೌಲಭ್ಯ (ಪದೇ ಪದೇ ಹೋಗಿ ಬರುವ ಲಿಂಕನ್ನು ಸ್ವಲ್ಪ ಹೊತ್ತು ದೂರವಿಡುವುದು) ಇದ್ದರೆ ಬಳಸಿ. ಇಲ್ಲದಿದ್ದರೆ ಒಂದು ಚಿಕ್ಕ ಸ್ಕ್ರಿಪ್ಟ್ ಸಾಕು: ಬಿಎಫ್‌ಡಿ ಬಿದ್ದ ಕೂಡಲೇ ಲೀಸ್ಡ್ ಲೈನಿನ ಒಎಸ್‌ಪಿಎಫ್ ಕಾಸ್ಟನ್ನು (ಕಡಿಮೆ ಇದ್ದ ದಾರಿಯನ್ನೇ ಒಎಸ್‌ಪಿಎಫ್ ಆರಿಸುತ್ತದೆ) ಟನಲ್‌ಗಿಂತ ಹೆಚ್ಚು ಮಾಡುವುದು, 5 ನಿಮಿಷ ಸತತ ನಿಂತಮೇಲೆ ಮೊದಲಿನಂತೆ ಮಾಡುವುದು. ಟನಲ್ ಮೇಲೆ ಐದು ನಿಮಿಷ ಹೆಚ್ಚಿಗೆ ಓಡಿದರೆ ನಷ್ಟವಿಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅರೆಜೀವದ ಲೈನಿನಲ್ಲಿ ಬಿಎಫ್‌ಡಿ ಏಳುವ ಮುಂಚೆಯೇ ಒಎಸ್‌ಪಿಎಫ್‌ನ ಹೆಲೋ ದಾಟಿ ನೆರೆತನ ಕೂಡಿಬಿಡಬಹುದು, ಆಮೇಲೆ ಬಿಎಫ್‌ಡಿ ಎದ್ದು, ಬಿದ್ದು ಅದನ್ನು ಮತ್ತೆ ಕೆಡವುತ್ತದೆ. ಬಿಎಫ್‌ಡಿ ನಿಂತ ಮೇಲೆಯೇ ಒಎಸ್‌ಪಿಎಫ್ ಕೂಡಬೇಕು ಎನ್ನುವ ಕ್ರಮಕ್ಕೆ ಸ್ಟ್ರಿಕ್ಟ್ ಮೋಡ್ ಎನ್ನುತ್ತಾರೆ, 2023ರ ಆರ್‌ಎಫ್‌ಸಿ 9355ರಲ್ಲಿದೆ. ನಿಮ್ಮ ರೌಟರಿನಲ್ಲಿ ಇದ್ದರೆ ಎರಡೂ ತುದಿಯಲ್ಲಿ ಆನ್ ಮಾಡಿ.

"ಬಿಎಫ್‌ಡಿ ಯಾಕೆ, ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಇಟ್ಟರೆ ಸಾಲದೇ" ಎಂದು ಯಾರಾದರೂ ಹೇಳಬಹುದು. ಎರಡು ತುದಿಯೂ ನಿಮ್ಮದೇ ಆಗಿರುವಲ್ಲಿ ಅದು ಬೇಡ. ಇಂಟರ್‌ನೆಟ್ ಲೈನುಗಳಿಗೆ ಹಾಕುವುದಿದ್ದರೆ, ಆ ಪಿಂಗ್ ಯಾವ ಲೈನನ್ನು ಪರೀಕ್ಷಿಸುತ್ತಿದೆಯೋ ಅದರಿಂದಲೇ ಹೊರಡುವಂತೆ ಪ್ರತ್ಯೇಕ ರೂಟ್ ಬರೆದು ಕಟ್ಟಿಹಾಕಿ. ಇಲ್ಲದಿದ್ದರೆ ಮೊದಲ ಲೈನ್ ಹೋದಾಗ ಪಿಂಗ್ ಎರಡನೆಯದರಿಂದ ಹೊರಟು ಉತ್ತರ ತರುತ್ತದೆ, ರೌಟರ್ ಮೊದಲ ಲೈನ್ ಸರಿಯಾಯಿತು ಎಂದು ಅಲ್ಲಿಗೇ ಮರಳುತ್ತದೆ, ಪಿಂಗ್ ಮತ್ತೆ ಸೋಲುತ್ತದೆ. ಹೀಗೆ ತೊಟ್ಟಿಲು ತೂಗಿದಂತೆ ನಡೆಯುತ್ತಲೇ ಇರುತ್ತದೆ.

ಬಿಎಫ್‌ಡಿಗೂ ಕಾಣದ ದೋಷಗಳಿವೆ. ಅದರ ಪ್ಯಾಕೆಟ್ ಪುಟ್ಟದು, ದೊಡ್ಡ ಪ್ಯಾಕೆಟ್ ದಾಟದ ಲೈನಿನಲ್ಲೂ ಅದು ನಗುತ್ತ ದಾಟುತ್ತದೆ. ಪರದೆ ಅರ್ಧ ತೆರೆದು ನಿಂತಿದ್ದು, ಬಿಎಫ್‌ಡಿ ಸರಿಯಿದೆ ಎಂದರೆ, 1472 ಬೈಟಿನ ಪಿಂಗನ್ನು ತುಂಡರಿಸಬಾರದು ಎಂಬ ಗುರುತಿನೊಂದಿಗೆ ಕಳಿಸಿ ನೋಡಿ. ಎರಡನೆಯದು ಇನ್ನೂ ಮುಖ್ಯ. ನಿಮ್ಮ ಬ್ರಾಡ್‌ಬ್ಯಾಂಡ್ ಬೇರೆ ಕಂಪನಿಯದೇ ಇರಬಹುದು, ಆದರೆ ಅವರ ಕೇಬಲ್ಲೂ ದೇವಿಮನೆ ಘಟ್ಟದ ಅದೇ ರಸ್ತೆಯ ಅಂಚಿನಲ್ಲೇ ಇಳಿದಿದ್ದರೆ ಒಂದೇ ಜೆಸಿಬಿ, ಒಂದೇ ಗುಡ್ಡಕುಸಿತ ಎರಡನ್ನೂ ಕೊಂಡೊಯ್ಯುತ್ತದೆ. ಯಾವ ಪತ್ತೆಯೂ ಆಗ ಉಪಯೋಗಕ್ಕೆ ಬಾರದು. ಶಿರಸಿಯ ಸಂಪರ್ಕ ಹುಬ್ಬಳ್ಳಿ ಕಡೆಗೋ ಸಾಗರದ ಕಡೆಗೋ ಹೋಗುತ್ತದೆಯೇ, ಕುಮಟಾದ್ದು ಹೆದ್ದಾರಿ ಹಿಡಿದು ಹೊನ್ನಾವರದ ಕಡೆಗೆ ಹೋಗುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಬಾಯಿಮಾತಿನ ಉತ್ತರ ಒಪ್ಪಬೇಡಿ.

ಪರೀಕ್ಷೆಗೆ ಹೆದರಿಕೆ ಎಂದಿರಿ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳ ಒಂದು ಭಾನುವಾರ, ಕೌಂಟರ್ ಮುಚ್ಚಿರುವಾಗ ಕುಮಟಾದಲ್ಲಿ ಒಬ್ಬರನ್ನು ಕೂರಿಸಿ ಮಾಡಿ. ರೌಟರಿನ ಕೇಬಲ್ ಕಿತ್ತು ನೋಡುವುದು ಪರೀಕ್ಷೆಯಲ್ಲ, ಆಗ ದೀಪವೇ ಆರುತ್ತದೆ, ಯಾವ ರೌಟರಿಗೂ ಗೊತ್ತಾಗುತ್ತದೆ. ಶಿರಸಿಯ ರೌಟರಿಗೂ ಕನ್ವರ್ಟರಿಗೂ ನಡುವೆ ಒಂದು ಸಾದಾ ಐದು ಪೋರ್ಟಿನ ಸ್ವಿಚ್ ಇಡಿ. ಕುಮಟಾ ಸರ್ವರಿಗೆ ಪಿಂಗ್ ಓಡುತ್ತಿರಲಿ. ಈಗ ಸ್ವಿಚ್ಚಿನಿಂದ ಕನ್ವರ್ಟರಿಗೆ ಹೋಗುವ ತಂತಿ ಕೀಳಿ. ರೌಟರಿನ ದೀಪ ಹಸಿರೇ ಇರುತ್ತದೆ, ಘಟ್ಟದಲ್ಲಿ ಕಡಿದಾಗ ಇರುವ ಹಾಗೆಯೇ. ಪಿಂಗ್ ಎಷ್ಟು ಸೆಕೆಂಡ್ ನಿಂತಿತು ಎಂದು ಎಣಿಸಿ. ಎರಡು ಸೆಕೆಂಡಿನ ಆಸುಪಾಸಿನಲ್ಲಿ ಟನಲ್ ಹಿಡಿಯಬೇಕು.

ಆಗ ಎರಡೂ ರೌಟರಿನಲ್ಲಿ ಬಿಎಫ್‌ಡಿಯ ಡಯಾಗ್ನಾಸ್ಟಿಕ್ ಸಂಖ್ಯೆ ನೋಡಿ ಬರೆದುಕೊಳ್ಳಿ. 1 ಎಂದರೆ "ನನಗೆ ಕೇಳಿಸುವುದು ನಿಂತಿತು", 3 ಎಂದರೆ "ನನಗೆ ಕೇಳಿಸುತ್ತಿತ್ತು, ಆದರೆ ತನಗೆ ಕೇಳಿಸುತ್ತಿಲ್ಲ ಎಂದು ನೆರೆಯವನೇ ಹೇಳಿದ". ಈ ಪರೀಕ್ಷೆಯಲ್ಲಿ ಎರಡೂ ಕಡೆ 1 ಇರಬೇಕು. ಮಳೆಗಾಲದಲ್ಲಿ ಒಂದು ದಿನ ಶಿರಸಿಯಲ್ಲಿ 1, ಕುಮಟಾದಲ್ಲಿ 3 ಕಂಡರೆ ಕುಮಟಾದಿಂದ ಶಿರಸಿಗೆ ಬರುವ ದಿಕ್ಕು ಮಾತ್ರ ಕೆಟ್ಟಿದೆ ಎಂದರ್ಥ. ಎರಡೆಳೆಯ ಫೈಬರಿನಲ್ಲಿ ಒಂದು ಎಳೆ ಹೋಗಿರಬಹುದು, ಒಂದು ಕಡೆಯ ವೇಗದ ಮಿತಿ ತುಂಬಿರಬಹುದು. ಕಂಪನಿಗೆ ಫೋನ್ ಮಾಡುವಾಗ "ಲಿಂಕ್ ಇಲ್ಲ" ಎನ್ನುವ ಬದಲು "ಕುಮಟಾದಿಂದ ಶಿರಸಿ ಕಡೆಗೆ ಮಾತ್ರ ಬರುತ್ತಿಲ್ಲ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ನಿಂತಿತು" ಎಂದು ಹೇಳಿ. ಎಲ್ಲಿಂದ ಹುಡುಕಬೇಕೆಂದು ಅವರಿಗೂ ಗೊತ್ತಾಗುತ್ತದೆ.